ಬಿಸಿಲಿಗಿಟ್ಟ ಹಾಳೆ

2025ರ ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ಮೂಡಬಿದಿರೆಯ ಮನ್ವಿತ್‌ನ ಪ್ರೆಸ್ಸಿನಲ್ಲಿ ಕಾಗದದ ಬಿಳುಪು ಅಳೆಯುವ ನನ್ನ ಬ್ರೈಟ್‌ನೆಸ್ ಮೀಟರ್ ಸೊನ್ನೆ ವ್ಯತ್ಯಾಸ ತೋರಿಸಿತು.

ಎರಡು ವಾರದ ಹಿಂದೆ ನಮ್ಮ ಮಿಲ್ಲಿನ ನುಣುಪು ಲೇಪದ ಹೊಸ ಕೋಟೆಡ್ ಹಾಳೆಯೊಂದನ್ನು ಅವನ ಕಿಟಕಿಯ ಗಾಜಿಗೆ ಅಂಟಿಸಿ ಹೋಗಿದ್ದೆ. ಅರ್ಧಕ್ಕೆ ಕಪ್ಪು ರಟ್ಟು, ಉಳಿದರ್ಧಕ್ಕೆ ಬಿಸಿಲು. ಹಾಳೆಗೆ ಹೈ-ಯೀಲ್ಡ್ ಪಲ್ಪ್ ಬೆರೆಸಿದ್ದೆವು. ಅಷ್ಟೇ ಮರದಿಂದ ಹೆಚ್ಚುಕಡಿಮೆ ಇಮ್ಮಡಿ ತಿರುಳು. ತೂಕ ಏರದೆ ದಪ್ಪ. ಕೊರತೆ ಒಂದೇ: ಮರದ ನಾರುಗಳನ್ನು ಅಂಟಿಸಿಡುವ ಲಿಗ್ನಿನ್ ಉಳಿಯುವುದರಿಂದ ಬಿಸಿಲಿಗೆ ಹಳದಿಯಾಗುತ್ತದೆ.

“ಹಳದಿ ಕ್ಯಾಲೆಂಡರ್ ಯಾರಿಗೆ ಬೇಕು ಮಾರಾಯ್ರೆ?” ಎಂದಿದ್ದ ಮನ್ವಿತ್.

ಬಿಳುಪು ಮೂರು ಅಂಕಕ್ಕಿಂತ ಹೆಚ್ಚು ಇಳಿದರೆ ಅವನು ಕಾಗದ ಕೊಳ್ಳುವುದಿಲ್ಲ, ನಾನು ಬಂಟ್ವಾಳದಿಂದ ಮತ್ತೆ ಬರಬೇಕಾಗಿಲ್ಲ. ಇದು ಒಪ್ಪಂದ. ಅದರ ಎರಡನೆಯ ಅರ್ಧವನ್ನು ಹೇಳುವಾಗ ಇಬ್ಬರೂ ಮುದ್ರಣಯಂತ್ರದ ಕಡೆ ನೋಡಿದ್ದೆವು.

ಈಗ ಹಾಳೆಯ ಎರಡೂ ಭಾಗಗಳ ನಡುವೆ ವ್ಯತ್ಯಾಸವೇ ಇಲ್ಲ.

“ಗೆದ್ರಲ್ಲ ವಿಸ್ಮಿತಾ! ಚಾ ತರಿಸ್ತೇನೆ.”

“ಸಾಧ್ಯವೇ ಇಲ್ಲ.”

“ನಿಮ್ಮದೇ ಮೀಟರ್ ಅಲ್ವಾ?”

“ಹೌದು. ಆದ್ರೆ ಈ ಹಾಳೆ ಚೂರಾದ್ರೂ ಹಳದಿ ಆಗ್ಲೇಬೇಕು. ಏನು ಮಾಡಿದ್ರಿ?”

ಅವನ ಕಿವಿಗಳು ಕೆಂಪಾದವು. ಬಾಗಿಲ ಹಿಂದಿನಿಂದ ದೊಡ್ಡದೊಂದು ರಟ್ಟು ತಂದ. ಕಿಟಕಿಯ ಅಳತೆಗೆ ಸರಿಯಾಗಿ ಕತ್ತರಿಸಿದ್ದ.

“ನೀವು ಹೋದ ಕೂಡ್ಲೇ ಹೊರಗಿಂದ ಮುಚ್ಚಿದೆ. ಹಳದಿ ಆದ್ರೆ ನೀವು ಮತ್ತೆ ಬರ್ಲಿಕ್ಕಿಲ್ಲ ಅಂತ.”

ಸಿಟ್ಟು ಬರಬೇಕಿತ್ತು, ಪ್ರಯೋಗ ಹಾಳಾಗಿತ್ತು. ಆದರೆ ಬಂದದ್ದು ನಗು, ತಡೆದುಕೊಂಡೆ.

“ಈ ರೀಡಿಂಗ್ ಮಿಲ್ಲಿಗೆ ಕೊಟ್ರೆ ನನ್ನ ಕೆಲಸ ಹೋಗ್ತದೆ, ಗೊತ್ತುಂಟಾ?”

“ಅಯ್ಯೋ! ಹಾಗಾದ್ರೆ?”

“ಮತ್ತೆ ಶುರು ಮಾಡುವ. ಈ ಸಲ ಪೂರ್ತಿ ಬಿಸಿಲು.”

“ಮೂರು ದಾಟಿದ್ರೆ?”

“ಕಾಗದ ಬೇಡ ಅನ್ನಿ. ನನ್ನನ್ನು ಬೇಡ ಅನ್ಲಿಕ್ಕೆ ಬೇರೆ ಕಾರಣ ಉಂಟಾ?”

ಅವನು ಮೊದಲ ಬಾರಿಗೆ ನೇರವಾಗಿ ನನ್ನನ್ನೇ ನೋಡಿದ. “ಒಂದೂ ಇಲ್ಲ.”

ಮತ್ತೆರಡು ವಾರ ಬಿಟ್ಟು ನಾನು ಹೋದಾಗ ಕಿಟಕಿಯ ಗಾಜು ಥಳಥಳಿಸುತ್ತಿತ್ತು. ಒಂದು ಚೂರು ಬಿಸಿಲೂ ನಷ್ಟವಾಗಬಾರದೆಂದು ದಿನಾ ಒರೆಸಿದ್ದನಂತೆ. ಹಾಳೆಯನ್ನು ಬಿಡಿಸಿ ಮೀಟರಿನ ಕೆಳಗಿಟ್ಟೆ. ಗುಂಡಿಯ ಮೇಲೆ ಬೆರಳಿಡುವಷ್ಟರಲ್ಲಿ ಅವನು ಪಕ್ಕಕ್ಕೆ ಬಂದು ನಿಂತ.

“ನಿಮ್ಮ ಮನೆಗೆ ಅಮ್ಮನನ್ನು ಕರ್ಕೊಂಡು ಬರುದಾ? ಅಥವಾ ರೀಡಿಂಗ್ ನೋಡಿ ಹೇಳ್ತೀರಾ?”

“ಬನ್ನಿ,” ಎಂದೆ. ಆಮೇಲೆ ಗುಂಡಿ ಒತ್ತಿದೆ.

ಬಿಳುಪು ಇಳಿದದ್ದು 2.4 ಅಂಕ.