ಬೆಳಗಿನ ಎಂಟರ ದನಿ

"ಆ ಪೋಸ್ಟರ್ ಇಲ್ಲಿ ಅಂಟಿಸಬೇಡಿ."

ಔಷಧಿ ಅಂಗಡಿಯವನು ತಲೆಯೆತ್ತದೆ ಹೇಳಿದ. ಮಾತ್ರೆಯ ಹಾಳೆ ಕತ್ತರಿಸುತ್ತಿದ್ದ ಅವನ ಕೈ ನಿಲ್ಲಲಿಲ್ಲ.

ಪೋಸ್ಟರ್ ಹಿಡಿದು ನಿಂತಿದ್ದ ಅವಳಿಗೆ ಅಳುವೇ ಬಂದಂತಾಯಿತು. ಅದು ಆ ದಿನದ ಒಂಬತ್ತನೇ ಅಂಗಡಿ.

"ಒಂದು ಗೇಣು ಜಾಗ ಕೇಳ್ತಿದೀನಿ ಅಷ್ಟೇ."

"ಜಾಗ ಇದೆ ಮೇಡಂ, ಓದೋರಿಲ್ಲ. ಇಲ್ಲಿಗೆ ಬರೋರಿಗೆ ಗೋಡೆ ನೋಡೋಷ್ಟು ನೆಮ್ಮದಿ ಎಲ್ಲಿದೆ?" ಆಗ ತಲೆಯೆತ್ತಿದ. "ಅವರು ಮನೇಲಿ ಹತ್ತು ಸಲ ತಿರುವಿ ನೋಡೋದು ಈ ಕವರನ್ನ."

ಕಾಗದದ ಕವರಿನ ಮೇಲೆ ಪೆನ್ನಿನಲ್ಲಿ ಬಿಡಿಸಿದ ಒಂದು ಸೂರ್ಯ, ಒಂದು ಚಂದ್ರ. ಓದು ಬಾರದವರಿಗೆ ಬೆಳಗಿನ ಮಾತ್ರೆ, ರಾತ್ರಿಯ ಮಾತ್ರೆ. ಸೂರ್ಯನಿಗೆ ಮೀಸೆಯೂ ಇತ್ತು. ಬೇಡವೆಂದರೂ ಅವಳಿಗೆ ನಗು ಬಂದುಬಿಟ್ಟಿತು...

ಕೂಡಿಸಬೇಕಾದವರನ್ನು ದೇವರು ಹೀಗೆ ಸಣ್ಣ ಕಿಂಡಿಯಿಂದಲೇ ಕೂಡಿಸುತ್ತಾನೆ.

ಅವಳದು ಮಾತ್ರೆ ನೆನಪಿಸುವ ಆ್ಯಪ್. ಕೆಲಸ ಬಿಟ್ಟು, ಯಾರ ಮುಂದೆಯೂ ಕೈಚಾಚದೆ, ಬಾಡಿಗೆಯ ಕೋಣೆಯಲ್ಲಿ ಒಬ್ಬಳೇ ಕಟ್ಟಿದ್ದು. ಬರೆಸಿದ ನಂಬರಿಗೆ ಹೊತ್ತಿಗೆ ಸರಿಯಾಗಿ, ಬೆಳಗಿನದಾದರೆ ಎಂಟಕ್ಕೆ, ತಾನಾಗಿ ಫೋನ್ ಬರುತ್ತದೆ, ಎತ್ತಿದರೆ ರೆಕಾರ್ಡ್ ಮಾಡಿಟ್ಟ ಅವಳದೇ ದನಿ: "ಮಾತ್ರೆ ತಗೊಂಡ್ರಾ? ಮೇಲೆ ಒಂದು ಲೋಟ ನೀರು ಕುಡೀರಿ."

ಆದರೆ ಮೊದಲ ನೂರು ಜನರನ್ನು ತರುವುದು ಎಲ್ಲಿಂದ? ಫೋನಿನಲ್ಲಿ ಜಾಹೀರಾತು ಹಾಕಿದ್ದಳು. ಒಂಬೈನೂರು ಜನ ಇಳಿಸಿಕೊಂಡರು. ವಾರದಲ್ಲಿ ಉಳಿದವರು ನಾಲ್ವರು.

"ಜರಡಿಯಲ್ಲಿ ನೀರು ಹೊತ್ತಂಗಾಯ್ತು ಬಿಡಿ," ಎಂದ ಅಂಗಡಿಯವನು, ಎಲ್ಲ ಕೇಳಿ.

ಇಬ್ಬರೂ ಕೂತು ಗೊತ್ತುಮಾಡಿದರು. ಜನರನ್ನು ತರಲು ಮೂರು ದಾರಿ: ಜಾಹೀರಾತು, ವೈದ್ಯರ ಮಾತು, ಮಾತ್ರೆಯ ಕವರು. ಒಂದೊಂದು ದಾರಿಗೂ ಒಂದೊಂದು ಗುರುತಿನ ಸಂಖ್ಯೆ, ಎರಡೆರಡು ವಾರ. ಹದಿನಾಲ್ಕನೇ ದಿನವೂ ಆ್ಯಪ್ ತೆರೆಯುವವರು ಯಾವ ದಾರಿಯಲ್ಲಿ ಬಂದರೋ, ಆ ದಾರಿಯೊಂದನ್ನೇ ಹಿಡಿಯುವುದು.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಕವರುಗಳಿಗೆ ಇಬ್ಬರೂ ಆ್ಯಪಿನ ಗುರುತಿನ ಸಂಖ್ಯೆಯ ಮುದ್ರೆ ಒತ್ತುತ್ತಿದ್ದರು.

"ನಿಮ್ಮ ದನಿಗೆ ಕಹಿ ಮಾತ್ರೆನೂ ಇಳಿದುಹೋಗುತ್ತೆ ಮೇಡಂ."

ಅವಳು ಆ ದಿನ ಹತ್ತು ಕವರಿಗೆ ತಲೆಕೆಳಗಾಗಿ ಮುದ್ರೆ ಒತ್ತಿದಳು.

ಹದಿನಾಲ್ಕನೇ ದಿನ ಬಂತು. ಕವರಿನ ದಾರಿಯಲ್ಲಿ ಮೂವತ್ತೊಂದು ಜನ ಸೇರಿದ್ದರು! ಅವಳ ಎದೆ ತುಂಬಿತು. ಮರುಗಳಿಗೆಯಲ್ಲೇ ತಣ್ಣಗಾಯಿತು. ಮೂವತ್ತೊಂದು ಹೆಸರೂ ಸೇರಿದ್ದು ಒಂದೇ ಫೋನಿನಿಂದ. ಅದು ಅವನ ಫೋನು. ಒಬ್ಬರೂ ಒಂದು ಸಲವೂ ಆ್ಯಪ್ ತೆರೆದಿರಲಿಲ್ಲ.

'ನನ್ನನ್ನು ಖುಷಿಪಡಿಸಲು ಸುಳ್ಳು ಹೆಸರು ತುಂಬಿದನೇ...'

ಅಷ್ಟನ್ನೂ ಅಳಿಸಿ, ನೇರ ಅಂಗಡಿಗೆ ಬಂದಳು.

"ನಿಮ್ಮ ಮೂವತ್ತೊಂದು ಜನರನ್ನೂ ಅಳಿಸಿದೆ."

ಅವನ ಮುಖ ಬಿಳಿಚಿತು. "ಅಳಿಸಿದ್ರಾ? ಮೇಡಂ, ಅವರಲ್ಲಿ ಯಾರಿಗಾದ್ರೂ ಒಂದು ಫೋನ್ ಮಾಡಿ ನೋಡಿ."

"ಎತ್ತೋಕೆ ಯಾರನ್ನಾದ್ರೂ ಹೇಳಿಕೊಟ್ಟು ಕೂರಿಸಿರ್ತೀರಿ."

ಅವನು ಕತ್ತರಿ ಕೆಳಗಿಟ್ಟ. "ಹೋಗಿ ಬನ್ನಿ," ಎಂದ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದಿದ್ದಾರೆ ಹಿರಿಯರು. ಅವಳು ಕಂಡಿದ್ದಳು, ಪರಾಂಬರಿಸಲಿಲ್ಲ. ಕರೆ ಎತ್ತಿದವರ ಪಟ್ಟಿ ಬೇರೆಯೇ ಇತ್ತು, ಮೂವತ್ತೊಂದು ನಂಬರೂ ಅದರಲ್ಲಿದ್ದವು. ಆ್ಯಪ್ ತೆರೆದವರನ್ನಷ್ಟೇ ಎಣಿಸುವ ಅವಳು ಅದನ್ನು ನೋಡಲೇ ಇಲ್ಲ.

ಆರು ವಾರ ಕಳೆದವು. ಉಳಿದ ಎರಡು ದಾರಿಗಳೂ ಬತ್ತಿದವು. ಆ್ಯಪ್ ಮುಚ್ಚುವುದೆಂದು ನಿರ್ಧರಿಸಿ, ಮುದ್ರೆ ಹಿಂದಕ್ಕೆ ಪಡೆಯಲು ಅಂಗಡಿಗೆ ಹೋದಳು. ಅದು ನೆಪವೆಂದು ಅವಳಿಗೂ ಗೊತ್ತಿತ್ತು.

ಅವನು ಸೊರಗಿಹೋಗಿದ್ದ. ಒಬ್ಬ ಅಜ್ಜಿಗೆ ಕವರು ಕಟ್ಟಿಕೊಡುತ್ತಿದ್ದ.

"ನನ್ನ ಮುದ್ರೆ ಇದ್ರೆ ಕೊಡಿ," ಎಂದಳು.

ಅಜ್ಜಿ ಸರಕ್ಕನೆ ತಿರುಗಿದಳು. "ಈ ದನಿ... ನೀನೇನಾ ತಾಯಿ, ಎಂಟು ಗಂಟೆಯವಳು?"

ಅವಳು ಹೌದೆಂದು ತಲೆಯಾಡಿಸಿದಳು.

"ನಮ್ಮದು ಗುಂಡಿ ಒತ್ತೋ ಹಳೇ ಫೋನು. ಈ ಮಹಾರಾಯನೇ ತನ್ನ ಫೋನಲ್ಲಿ ಎಲ್ಲರ ಹೆಸರು ಬರೆದ. ನಿನ್ನ ದನಿ ನಿಂತ ಮೇಲೆ ದಿನಾ ಎಂಟಕ್ಕೆ ಇವನೇ ಎಲ್ಲರಿಗೂ ಫೋನ್ ಮಾಡ್ತಾನೆ. ದನಿಯೋ, ಕಾಗೆ ಕೂಗಿದಂಗೆ. ಆದ್ರೂ ಮಾಡ್ತಾನೆ."

"ಅಜ್ಜಿ, ಸಾಕು," ಎಂದ ಅವನು.

"ನಮ್ಮ ಯಜಮಾನ್ರಿಗೆ ಮರೆವು. ನಿನ್ನ ದನೀನ ಮಗಳದೇ ಅಂದ್ಕೊಂಡಿದ್ರು. ನಿಂತ ಮೇಲೆ, ಮಗಳು ಮುನಿಸಿಕೊಂಡಿದಾಳೆ, ಅವಳು ಹೇಳೋವರೆಗೂ ಮಾತ್ರೆ ಬೇಡ ಅಂತ ಹಟ." ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. "ಅವರು ಹೋಗಿಬಿಟ್ರು, ಹನ್ನೊಂದು ದಿನ ಆಯ್ತು."

ಅವಳು ಅಲ್ಲೇ ಕುಸಿದು ಅಜ್ಜಿಯ ಪಾದ ಹಿಡಿದಳು.

"ಅಜ್ಜಿ, ಕರೆ ನಿಲ್ಲಿಸಿದ್ದು ನಾನು... ನಾನೇ."

ಅಜ್ಜಿ ಅವಳ ನೆತ್ತಿ ನೋಡಿದಳು. ಆಮೇಲೆ ಅಲ್ಲಿ ಕೈಯಿಟ್ಟಳು. "ಆಯುಸ್ಸು ಕೊಡೋನು ಮೇಲಿದಾನೆ. ನಾನೂ ನೀನೂ ಯಾರು? ಏಳು."

ಅಜ್ಜಿ ಹೋದ ಮೇಲೂ ಅವಳ ಅಳು ನಿಲ್ಲಲಿಲ್ಲ. ಅವನು ನೀರು ತಂದಿಟ್ಟ.

"ಬೈಯಿರಿ," ಎಂದಳು.

"ನನ್ನದೂ ತಪ್ಪಿದೆ. ಆ ದಿನವೇ ನಿಮ್ಮನ್ನ ಅವರ ಮನೆಗೆ ಎಳ್ಕೊಂಡು ಹೋಗಬೇಕಿತ್ತು. ಮುನಿಸು ದೊಡ್ಡದಾಯ್ತು ನನಗೆ."

"ಕ್ಷಮಿಸ್ತೀರಾ?"

"ಮೊದಲು ಆ ಮನೆಗಳಿಗೆ ಹೋಗಿ ಬರೋಣ. ಒಂದೊಂದಕ್ಕೂ. ಇಬ್ಬರೂ."

ಅವಳು ಲ್ಯಾಪ್‌ಟಾಪ್ ತೆರೆದಳು. ದಿನವೂ ಒತ್ತಿ ಒತ್ತಿ ಬಾಯಿಪಾಠವಾಗಿದ್ದ ಸಂಖ್ಯೆಗಳನ್ನು ಅವನು ಹೇಳುತ್ತ ಹೋದ. ಮೂವತ್ತು ಮುಗಿದವು. ಅಜ್ಜಿಯ ಮನೆಯ ನಂಬರಿಗೆ ಅವನು ತಡೆದ.

"ಅದನ್ನೂ ಹೇಳಿ," ಎಂದಳು. "ಅಜ್ಜಿಗೂ ಬೆಳಗ್ಗೆ ಮಾತ್ರೆ ಇದೆ ಅಲ್ವಾ?"

ಅವನು ಹೇಳಿದ. ಅವಳು ಬರೆದಳು. ಅಕ್ಷರಗಳೆಲ್ಲ ಕಣ್ಣೀರಿನಲ್ಲಿ ತೇಲುತ್ತಿದ್ದವು.

"ಇನ್ನೊಂದು ನಂಬರ್ ಇದೆ," ಎಂದ ಅವನು ಮೆಲ್ಲಗೆ. "ನಂದು."

"ನಿಮಗ್ಯಾವ ಮಾತ್ರೆ?"

"ಮಾತ್ರೆ ಇಲ್ಲ. ಆರು ವಾರದಿಂದ ನನ್ನ ಕಾಗೆ ದನೀನೇ ಕೇಳಿ ಸಾಕಾಗಿದೆ."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಅದನ್ನ ಇದರಲ್ಲಿ ಹಾಕಲ್ಲ," ಎಂದಳು. "ನಿಮಗೆ ನಾನೇ ಫೋನ್ ಮಾಡ್ತೀನಿ. ದಿನಾ."