ಪಾಪಣ್ಣ ಕತ್ತರಿಸಿದ ಕಂಬಳಿ

ಎಪ್ಪತ್ನಾಲ್ಕರ ಮಾತು. ತುರುವನೂರಿನಲ್ಲಿ ನನ್ನ ಮಗ್ಗದ ಕಂಬಳಿಯನ್ನು ಕುರಿಗಾಹಿಗಳು ಅಳತೆ ಕೇಳದೆ ಕೊಳ್ಳುತ್ತಿದ್ದರು. ಪಾಪಣ್ಣ ಒಬ್ಬ ಮಾತ್ರ ಕೊಂಡ ಕಂಬಳಿ ಹೊತ್ತು ವಾಪಸು ಬಂದ.

“ಮಂಚಕ್ಕೆ ಉದ್ದ ಆಗೈತೆ, ಒಂದು ಗೇಣು ಕತ್ತರಿಸಿ ಕೊಡ್ರಿ.”

“ನಾನು ನೇಯ್ದಿದ್ದಕ್ಕೆ ಕತ್ತರಿ ಹಾಕಂಗಿಲ್ಲ. ಬೇಕಾರೆ ಮಂಚ ದೊಡ್ಡದು ಮಾಡಿಸ್ಕೊ.”

“ಕೊಂಡೋನು ನಾನು!” ಎಂದು ತಾನೇ ಕತ್ತರಿಸಿ, ತುಂಡನ್ನು ನನ್ನ ಜಗಲಿಗೆ ಎಸೆದು ಹೋದ. ಎತ್ತಿಕೊಂಡರೆ ಅದು ಕುರಿಯ ಮೈಯಂತೆ ಬೆಚ್ಚಗಿತ್ತು.

ಬೆಳಿಗ್ಗೆ ಮತ್ತೆ ಬಂದ, ಮುಖ ಬಿಳಚಿಕೊಂಡಿತ್ತು. ಕಂಬಳಿ ಮೊದಲಿನಷ್ಟೇ ಉದ್ದವಾಗಿತ್ತು. ಹೊಸ ಅಂಚಿನಲ್ಲಿ ನೇಕಾರರು ಬಳಿಯುವ ಹುಣಸೆಬೀಜದ ಗಂಜಿ ಇನ್ನೂ ಆರಿರಲಿಲ್ಲ. ಅಂಥ ಅಂಚು ಈ ಸೀಮೆಯಲ್ಲಿ ನನಗೊಬ್ಬನಿಗೇ ಬರುವುದು. ಆದರೆ ಅದನ್ನು ನಾನು ನೇಯ್ದಿರಲಿಲ್ಲ.

ಅವನು ಎಸೆದ ಗೇಣುದ್ದದ ತುಂಡು ನನ್ನಲ್ಲೇ ಉಳಿಯಿತು. ಈಗ ನಾನು ಹೊದೆಯುವುದು ಅದನ್ನೇ, ಕಾಲೂ ಮುಚ್ಚುತ್ತದೆ.