ಇಪ್ಪತ್ತೆಂಟನೆಯ ದಿನದ ಕ್ಯಾಸೆಟ್

"ಇದೊಂದನ್ನ ಬಿಟ್ಟುಬಿಡು ಮೋಳೆ. ಉಳಿದಿದ್ದನ್ನ ಕತ್ತರಿಸ್ತೀಯೋ ಜೋಡಿಸ್ತೀಯೋ, ನಿನ್ನಿಷ್ಟ."

ಸೊಸೆಯನ್ನು ಮೋಳೆ, ಮಗಳೇ ಎಂದೇ ಕರೆಯುವ ವಿಲಾಸಿನಿಯಮ್ಮ ಅವಳ ಕೈಯಿಂದ ಆ ಕ್ಯಾಸೆಟ್ಟನ್ನು ಕಿತ್ತುಕೊಂಡೇ ಬಿಟ್ಟರು. ಅದಕ್ಕೆ ಕರಿದಾರ ಏಳು ಸುತ್ತು ಸುತ್ತಿತ್ತು. ದಾರಕ್ಕೆ ಮೆತ್ತಿದ್ದ ಅರಿಸಿನ ಒಣಗಿ ಪುಡಿಯಾಗಿ ನೆಲಕ್ಕುದುರಿತು.

"ಯಾಕಮ್ಮಾ? ಮಾವನ ಹಳೇ ಗುಟ್ಟೇನಾದ್ರೂ ಇದೆಯಾ ಇದರೊಳಗೆ?" ಸ್ಮೇರ ನಕ್ಕಳು.

ಅತ್ತೆ ನಗಲಿಲ್ಲ. "ಹೆಸರಿದೆ. ನಿನ್ನ ಗಂಡನ ಹೆಸರು, ನನ್ನ ಉಣ್ಣಿಯ ಹೆಸರು."

"ಪ್ರದೀಶ್ ಅಂತ ಊರಿಗೆಲ್ಲ ಗೊತ್ತಲ್ಲ!"

"ಅದು ಸ್ಕೂಲಿಗೆ ಕೊಟ್ಟ ಹೆಸರು. ಹುಟ್ಟಿದ ಇಪ್ಪತ್ತೆಂಟನೆಯ ದಿನ ಅವನಪ್ಪ ಕಿವಿಯಲ್ಲಿ ಉಸುರಿದ್ದು ಬೇರೆ. ಅದನ್ನ ಈವರೆಗೆ ನಾನೂ ಬಾಯಿಬಿಟ್ಟು ಹೇಳಿಲ್ಲ."

ಸ್ಮೇರ ಪಾಲಕ್ಕಾಡಿನವಳು. ಮದುವೆಯಾಗಿ ಕೊಡುಂಗಲ್ಲೂರಿನ ಹಿನ್ನೀರಂಚಿನ ಈ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಹಳೆಯ ವೀಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಬಿಡಿಸಿ, ಪಟ್ಟಿ ಮಾಡಿಕೊಡುವುದು ಅವಳ ಕಸುಬು. ಗಲ್ಫಿಗೆ ಹೋಗಿಬಂದವರ ಮನೆಗಳಲ್ಲಿ ಅಂಥ ಕ್ಯಾಸೆಟ್ಟುಗಳಿಗೇನು ಬರವೇ? ಗಂಟೆಗಟ್ಟಲೆ ಉದ್ದದ ವೀಡಿಯೊವನ್ನು ಸಾಫ್ಟ್‌ವೇರಿಗೆ ಕೊಟ್ಟರೆ, ಚಿತ್ರ ಬದಲಾದಲ್ಲೆಲ್ಲ ಕತ್ತರಿಸಿ ದೃಶ್ಯ ದೃಶ್ಯವಾಗಿ ಬೇರೆ ಮಾಡುತ್ತದೆ. ಒಂದೇ ಮುಖ ಎಲ್ಲೆಲ್ಲಿದೆಯೋ ಹುಡುಕಿ ತಂದು, ಇದು ಯಾರು ಎಂದು ಕೇಳುತ್ತದೆ. ಒಮ್ಮೆ ಹೆಸರು ಬರೆದರೆ ಆ ಮುಖವಿರುವ ದೃಶ್ಯಗಳಿಗೆಲ್ಲ ಆ ಹೆಸರು ಅಂಟಿಕೊಳ್ಳುತ್ತದೆ. ಮಾವನ ಎರಡನೆಯ ವರ್ಷದ ಶ್ರಾದ್ಧಕ್ಕೆ ದುಬೈಯಿಂದ ನೆಂಟರೆಲ್ಲ ಬರುವವರಿದ್ದರು. ಅಷ್ಟರೊಳಗೆ ಆತ ಬಿಟ್ಟುಹೋಗಿದ್ದ ಇಪ್ಪತ್ತಮೂರು ಕ್ಯಾಸೆಟ್ಟುಗಳನ್ನೂ ಮುಗಿಸಿಬಿಡಬೇಕೆಂದು ಸ್ಮೇರ ಪಣ ತೊಟ್ಟಿದ್ದಳು.

ಅವಳು ಪಟ್ಟು ಬಿಡದಿದ್ದಾಗ ಅತ್ತೆ ಹೊಸ್ತಿಲ ಮೇಲೆ ಕುಕ್ಕರಿಸಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ತಗ್ಗಿದ ದನಿಯಲ್ಲಿ ಹೇಳಿದರು.

ಮೂವತ್ತಮೂರು ವರ್ಷದ ಹಿಂದೆ ಈ ಮನೆಯಲ್ಲಿ ಮಾವನ ಅಣ್ಣನ ವಿಧವೆ ಕೌಮುದಿ ಇದ್ದಳು. ಅವಳ ಮೂರು ತಿಂಗಳ ಗಂಡುಕೂಸಿಗೆ ಒಂದು ಸಂಜೆ ಜ್ವರ ನೆತ್ತಿಗೇರಿ ಸೆಳವು ಬಂತು. ಮನೆಯಲ್ಲಿದ್ದದ್ದು ಒಂದೇ ಕಾರು. ಅದು ಗಲ್ಫಿನಿಂದ ಬರುವ ವಿಲಾಸಿನಿಯ ಗಂಡನನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೊರಟು ನಿಂತಿತ್ತು. ತುಂಬು ಬಸುರಿ ವಿಲಾಸಿನಿ ಕಾರು ಕೊಡಲಿಲ್ಲ. "ಜ್ವರ ತಾನೇ ಚೇಚಿ, ಇಳಿಯುತ್ತೆ" ಎಂದು ಓರಗಿತ್ತಿಗೆ ಹೇಳಿದ್ದಳು. ದೋಣಿಕಟ್ಟೆಯಲ್ಲಿ ದೋಣಿಗೆ ಕಾಯುತ್ತಾ ಕಾಯುತ್ತಾ ಕೂಸು ಕೌಮುದಿಯ ಮಡಿಲಲ್ಲೇ ತಣ್ಣಗಾಯಿತು.

ಎರಡು ವಾರಕ್ಕೆ ವಿಲಾಸಿನಿ ಹೆತ್ತಳು. ಕೌಮುದಿಯ ಎದೆಯಲ್ಲಿ ಇನ್ನೂ ಹಾಲು ಬತ್ತಿರಲಿಲ್ಲ. ರವಿಕೆ ಒದ್ದೆಯಾಗಿಯೇ ಇರುತ್ತಿತ್ತು. "ಒಂದು ಸಲ ನಾನು ಕುಡಿಸ್ಲಾ?" ಎಂದು ಬಾಗಿಲಲ್ಲಿ ನಿಂತು ಕೇಳಿದ್ದಳು. ವಿಲಾಸಿನಿ ಬಾಗಿಲು ಹಾಕಿಕೊಂಡಿದ್ದಳು.

ಇಪ್ಪತ್ತೆಂಟರ ದಿನ ಉಡಿದಾರ ಕಟ್ಟಿ ಹೆಸರಿಡುವಾಗ ಕೌಮುದಿ ಕಂಬದ ಹಿಂದೆ ನಿಂತು ಕಿವಿಗೆ ಅಂಗೈ ಆನಿಸಿ ಆಲಿಸುತ್ತಿದ್ದಳು. ಅಪ್ಪ ತೀರ ಮೆಲ್ಲಗೆ ಉಸುರಿದ್ದರಿಂದ ಅವಳಿಗೆ ಕೇಳಿಸಲಿಲ್ಲ. ನಾಲ್ಕನೆಯ ದಿನ ಅವಳ ಹೆಣ ಹಿತ್ತಲ ಕೊಳದಲ್ಲಿ ತೇಲಿತು. ಮಂತ್ರವಾದಿಯನ್ನು ಕರೆಸಿ ಹೊಸ್ತಿಲ ಕೆಳಗೆ ಅಗೆಸಿದಾಗ ಹಾಲಿನಲ್ಲಿ ನೆಂದು ಕಪ್ಪಾಗಿದ್ದ ಬಟ್ಟೆಯಲ್ಲಿ ಸುತ್ತಿದ ತಾಮ್ರದ ತಗಡು ಸಿಕ್ಕಿತು. ಮಗುವಿನ ನಕ್ಷತ್ರ, ತಾಯಿಯ ಹೆಸರು, ಮನೆಯ ಹೆಸರು ಎಲ್ಲ ಅದರ ಮೇಲೆ ಕೊರೆದಿತ್ತು. ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ.

"ಮಾಟ ಹೊರಟಾಗಿದೆ, ಇನ್ನು ಹಿಂದಕ್ಕೆ ಬರಲ್ಲ ಅಂದ ಮಂತ್ರವಾದಿ," ಎಂದರು ಅತ್ತೆ. "ಹೆಸರು ಸಿಗೋವರೆಗೂ ಅವಳು ಕಿವಿಗೊಟ್ಟು ಕಾಯ್ತಾಳಂತೆ. ಸಿಕ್ಕಿದ ದಿನ ಮೂರು ಸಲ ಕರೀತಾಳೆ. ಮೂರನೇ ಕರೆಗೆ ಯಾರು ಓಗೊಡ್ತಾರೋ ಅವರು ಅವಳ ಕೂಸು. ಕ್ಯಾಸೆಟ್ಟನ್ನ ಸುಡಲೂ ಬೇಡಿ, ಹಾಕಲೂ ಬೇಡಿ, ಮಲಗಿರಲಿ ಅಂದ."

"ಮಾಟಕ್ಕೂ ಪಾಸ್‌ವರ್ಡ್ ಬೇಕಾ ಅಮ್ಮಾ?" ಎಂದಳು ಸ್ಮೇರ.

ಅತ್ತೆ ಅವಳ ಮುಖವನ್ನೇ ನೋಡಿದರು. "ನಗು. ನಾನೂ ಆವತ್ತು ಜ್ವರ ತಾನೇ ಅಂತ ನಕ್ಕಿದ್ದೆ."

ಭಾನುವಾರ ಮಧ್ಯಾಹ್ನ. ಮೇಡ ಮಾಸದ ನಡುಬೇಸಿಗೆಯ ಬಿಸಿಲಿಗೆ ಹಿನ್ನೀರು ಸೀಸದ ತಗಡಿನಂತೆ ಅಲುಗಾಡದೆ ಬಿದ್ದಿತ್ತು. ಉಣ್ಣಿ ಉಂಡು ಜಗಲಿಯ ಆರಾಮಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ಅತ್ತೆ ಮೀನು ತರಲೆಂದು ದೋಣಿಕಟ್ಟೆಗೆ ಹೋದದ್ದೇ ತಡ, ಸ್ಮೇರ ಅವರ ಪೆಟ್ಟಿಗೆ ತೆರೆದಳು. ಇಪ್ಪತ್ತೆರಡು ಕ್ಯಾಸೆಟ್ಟು ಮುಗಿದಿದ್ದವು. ಉಳಿದ ಆ ಒಂದು ಅವಳಿಗೆ ಹಲ್ಲಿನ ಸಂದಿಯ ನಾರಿನಂತೆ ಕಿರಿಕಿರಿ ಮಾಡುತ್ತಿತ್ತು. ದಾರವನ್ನು ಕತ್ತರಿಯಿಂದ ಕತ್ತರಿಸಿದಳು.

ಬೆಳಕು ಪರದೆಗೆ ಬೀಳದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದಳು. ಕೋಣೆ ಕಗ್ಗತ್ತಲಾಯಿತು. ಬೂಷ್ಟು ಹಿಡಿದ ಟೇಪಿನ ಹುಳಿ ವಾಸನೆ ಮೂಗಿಗಡರಿತು. ನಲವತ್ತು ನಿಮಿಷದ ಚಿತ್ರ ಇಳಿಯುವಷ್ಟು ಹೊತ್ತೂ ಯಂತ್ರ ಕೆಮ್ಮುತ್ತಿತ್ತು. ಆಮೇಲೆ ಸಾಫ್ಟ್‌ವೇರ್ ಅದನ್ನು ಹತ್ತೊಂಬತ್ತು ತುಂಡು ಮಾಡಿತು. ಮುಖಗಳನ್ನು ಹೆಕ್ಕಿ ಸಾಲಾಗಿ ಇಟ್ಟಿತು. ಅಪ್ಪ, ಅಮ್ಮ, ಮಗು. ಕೊನೆಯಲ್ಲಿ, ಕಂಬದ ಮರೆಯಿಂದ ಅರ್ಧ ಕಾಣುವ ಹೆಣ್ಣು. ಬಾಯಿ ತುಸು ತೆರೆದಿತ್ತು. ಅಂಗೈ ಕಿವಿಯ ಮೇಲಿತ್ತು.

ಆ ಮುಖದ ಕೆಳಗೆ, ಅದಿರುವ ದೃಶ್ಯಗಳ ಲೆಕ್ಕ, ಹತ್ತೊಂಬತ್ತು ಎಂದು ಬರೆದಿತ್ತು. ಸ್ಮೇರ ನೋಡುತ್ತಿದ್ದಂತೆ ಸಂಖ್ಯೆ ಏರತೊಡಗಿತು. ಇಪ್ಪತ್ತಾರು. ಎಂಬತ್ತು. ನೂರ ಮೂವತ್ತು.

ಸಾಫ್ಟ್‌ವೇರ್ ಕಂಪ್ಯೂಟರಿನಲ್ಲಿದ್ದ ಉಳಿದ ವೀಡಿಯೊಗಳಲ್ಲೂ ಅದೇ ಮುಖವನ್ನು ಹುಡುಕುತ್ತಿತ್ತು. ಸಿಗುತ್ತಲೂ ಇತ್ತು. ಉಣ್ಣಿಯ ಆರನೆಯ ಹುಟ್ಟುಹಬ್ಬದಲ್ಲಿ, ಬಲೂನುಗಳ ಹಿಂದೆ. ಶಾಲೆಯ ಓಟದ ಪಂದ್ಯದಲ್ಲಿ, ಬೇಲಿಯಾಚೆ. ಕಳೆದ ಜನವರಿಯ ತನ್ನ ಮದುವೆಯ ವೀಡಿಯೊದಲ್ಲಿ, ಮಂಟಪದ ಹಿಂದಿನ ಸಾಲಿನಲ್ಲಿ. ಎಲ್ಲೆಡೆಯೂ ಅದೇ ತೆರೆದ ಬಾಯಿ. ಕಿವಿಯ ಮೇಲೆ ಅದೇ ಕೈ.

"ಹಾಳು ಸಾಫ್ಟ್‌ವೇರ್," ಎಂದು ಗೊಣಗಿದಳು ಸ್ಮೇರ. ಮಸುಕು ಮುಖಗಳನ್ನು ಅದು ಒಮ್ಮೊಮ್ಮೆ ಕಲಸಿಬಿಡುವುದುಂಟು. ಹಾಗೆಂದು ತನಗೆ ತಾನೇ ಹೇಳಿಕೊಂಡರೂ ಬೆರಳುಗಳು ತಣ್ಣಗಾಗಿದ್ದವು. ಆ ತಣ್ಣಗಾದದ್ದಕ್ಕೇ ಅವಳಿಗೆ ಸಿಟ್ಟು ಬಂತು. ಅತ್ತೆಯ ಅಜ್ಜಿಕತೆಗೆ ತಾನೂ ಹೆದರುವುದೇ? ಏಳನೆಯ ದೃಶ್ಯ ತೆರೆದಳು. ಮಾವ ಮಗುವಿನ ಒಂದು ಕಿವಿಗೆ ವೀಳ್ಯದೆಲೆ ಮುಚ್ಚಿ, ಇನ್ನೊಂದು ಕಿವಿಗೆ ಬಾಗುತ್ತಿದ್ದರು.

ಹೆಡ್‌ಫೋನ್ ಹಾಕಿಕೊಂಡಳು. ಟೇಪಿನ ಸುಯ್ಗುಡುವ ಸದ್ದನ್ನು ಅಳಿಸಿದಳು. ಮಾವನ ಪಿಸುಮಾತನ್ನು ಹಿಗ್ಗಿಸಿದಳು. ಮತ್ತೂ ಹಿಗ್ಗಿಸಿದಳು. ಸತ್ತವರ ತುಟಿ ಕಿವಿಗೇ ತಾಗಿದಂತೆ ಹೆಸರು ಸ್ಪಷ್ಟವಾಗಿ ಕೇಳಿಸಿತು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸ್ಮೇರ ಬರೆದಳು. ಗಂಡನ ಮುಖದ ಕೆಳಗಿನ ಚೌಕದಲ್ಲಿ ಅಕ್ಷರ ಅಕ್ಷರವಾಗಿ ಬರೆದು ಗುಂಡಿ ಒತ್ತಿದಳು. "ಮುನ್ನೂರ ಹನ್ನೆರಡು ದೃಶ್ಯಗಳಿಗೆ ಹೆಸರು ಸೇರಿತು" ಎಂದಿತು ಪರದೆ.

ಪರದೆಯ ಪುಟ್ಟ ಚಿತ್ರಗಳಲ್ಲೆಲ್ಲ ಆ ಹೆಣ್ಣು ಕಿವಿಯ ಮೇಲಿಂದ ಕೈ ತೆಗೆದಳು.

ಬಾಯಿ ಮುಚ್ಚಿದಳು.

ಅವಳಿಗೆ ಕೇಳಿಸಿತ್ತು.

ಎಲ್ಲಿಂದಲೋ ಹಾಲಿನ ನಾತ ಬಂತು. ಹಸುವಿನ ಹಾಲಲ್ಲ. ಎದೆಯಲ್ಲೇ ಕಟ್ಟಿ ಹುಳಿತ ಹಾಲು. ಹೆಡ್‌ಫೋನಿನಲ್ಲಿ ಹೆಣ್ಣುದನಿಯೊಂದು ಆ ಹೆಸರನ್ನು ಮುದ್ದು ಮಾಡುತ್ತಾ ಕರೆಯಿತು. ಸ್ಮೇರ ಕಿತ್ತೆಸೆದಳು. ವಿದ್ಯುತ್ತಿನ ಪ್ಲಗ್ಗನ್ನೂ ಕಿತ್ತಳು. ಪರದೆ ಆರಿತು. ದನಿ ಮಾತ್ರ ಆರಲಿಲ್ಲ. ಅದು ಈಗ ಹಿತ್ತಲಿನಿಂದ ಬರುತ್ತಿತ್ತು. ಕೊಳದ ಕಡೆಯಿಂದ.

ಅವಳು ಜಗಲಿಗೆ ಓಡಿದಳು. ಉಣ್ಣಿ ನಿದ್ದೆಯಲ್ಲೇ ತಲೆಯನ್ನು ಅತ್ತ ಹೊರಳಿಸಿದ್ದ.

"ಏಳಿ! ಉಣ್ಣಿಯೇಟಾ, ಏಳಿ!"

ಎರಡನೆಯ ಕರೆ. ಹತ್ತಿರದಿಂದ. ಅಡುಗೆಮನೆಯ ಬಾಗಿಲಿನಿಂದ. ಒದ್ದೆ ಪಾದ ನೆಲಕ್ಕೆ ಅಂಟಿ ಬಿಡುವ ಸದ್ದು. ಚಪ್. ಚಪ್.

ಉಣ್ಣಿ ಎದ್ದು ಕೂತ. ಕಣ್ಣು ತೆರೆದಿದ್ದವು. ಆದರೆ ಅವು ಅವಳನ್ನು ಗುರುತಿಸಲಿಲ್ಲ. ಕಟವಾಯಿಯಲ್ಲಿ ಬಿಳಿಯ ಹನಿಯೊಂದು ಇಳಿಯುತ್ತಿತ್ತು. ಮೂವತ್ತಮೂರು ವರ್ಷದ ಗಂಡಸು ಕೈಕಾಲು ಬಡಿಯುತ್ತಾ ತುಟಿ ಚೀಪತೊಡಗಿದ. ಸ್ಮೇರ ಅವನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಅವನು ಕಚ್ಚಿದ. ನೋಯಲಿಲ್ಲ. ಅಂಗೈಗೆ ತಾಗಿದ್ದು ಹಲ್ಲಲ್ಲ. ಮೆತ್ತಗಿನ ಬೊಚ್ಚು ವಸಡು.

"ಅಮ್ಮಾ!" ಸ್ಮೇರ ಕಿರುಚಿದಳು.

ಗೇಟಿನ ಬಳಿ ವಿಲಾಸಿನಿಯಮ್ಮ ಮೀನಿನ ಚೀಲ ಹಿಡಿದು ನಿಂತಿದ್ದರು. ಅವರ ಮೂಗು ಅರಳಿತು. ಮೂವತ್ತಮೂರು ವರ್ಷದ ಹಿಂದಿನ ಆ ನಾತವನ್ನು ಅವರು ಮರೆತಿರಲಿಲ್ಲ.

"ಹಾಕಿಬಿಟ್ಟೆಯಾ ಮೋಳೆ?"

"ಬರೆದೆ... ಅಮ್ಮಾ, ಹೆಸರು ಬರೆದುಬಿಟ್ಟೆ..."

"ಎಷ್ಟು ಸಲ ಕರೆದಳು?"

"ಎರಡು."

ಚೀಲ ಕೆಳಗೆ ಬಿತ್ತು. ಅರವತ್ತೆರಡರ ಹೆಂಗಸು ಅಂಗಳ ದಾಟಿದ್ದು ಸ್ಮೇರಳಿಗೆ ಕಾಣಲೇ ಇಲ್ಲ. ಮಗನನ್ನು ಹಿಂದಕ್ಕೆ ತಳ್ಳಿ, ಒಳಬಾಗಿಲಿಗೆ ಅಡ್ಡ ನಿಂತರು. ಒಳಗೆ ಕತ್ತಲು. ಕತ್ತಲಲ್ಲಿ ನೀರು ತೊಟ್ಟಿಕ್ಕುವ ಸದ್ದು.

"ಕೌಮುದೇಚೀ," ಎಂದರು. "ಕಾರು ಕೊಡದವಳು ನಾನು. ಬಾಗಿಲು ಹಾಕಿದವಳೂ ನಾನೇ. ಇವನೇನು ಮಾಡಿದ್ದ?"

ತೊಟ್ಟಿಕ್ಕುವುದು ನಿಂತಿತು. ಉಣ್ಣಿ ಸ್ಮೇರಳ ಕೈಯನ್ನು ಕೊಡವಿ ಬಾಯಿ ತೆರೆದ. ಒಳಗಿನಿಂದ ಮೂರನೆಯ ಕರೆ ಬಂತು. ತುಂಬಾ ಮೆಲ್ಲಗೆ. ಹೆತ್ತವಳೂ ಅಷ್ಟು ಅಕ್ಕರೆಯಿಂದ ಕರೆದಾಳೋ ಇಲ್ಲವೋ.

"ಓ!" ಎಂದರು ವಿಲಾಸಿನಿಯಮ್ಮ. ಮಗನಿಗಿಂತ ಒಂದು ಉಸಿರು ಮೊದಲು. "ಓ... ಬಂದೆ ಅಮ್ಮಾ."

ಹೊಸ್ತಿಲ ಮೇಲೆ ಕುಸಿದರು. ನಾತ ಕರಗಿತು. ಉಣ್ಣಿ ಗಾಬರಿಯಿಂದ ಕಣ್ಣುಜ್ಜಿಕೊಂಡು, "ಅಮ್ಮಂಗೇನಾಯ್ತು? ಯಾಕೆ ಅಳ್ತಾ ಇದ್ದೀಯ?" ಎಂದು ಕೇಳಿದ. ಅವನ ಹಲ್ಲುಗಳೆಲ್ಲ ಅವನ ಬಾಯಲ್ಲೇ ಇದ್ದವು.

ಆಸ್ಪತ್ರೆಯವರು ಮೆದುಳಿನ ಚಿತ್ರ ತೆಗೆದರು. ರಕ್ತಸ್ರಾವವಿಲ್ಲ, ಲಕ್ವವಲ್ಲ, ಏನೂ ಇಲ್ಲ ಎಂದರು. ಶ್ರಾದ್ಧಕ್ಕೆ ಬಂದ ನೆಂಟರು ನೋಡಿ, ವಯಸ್ಸಿನ ಮರೆವು ಎಂದುಕೊಂಡು ಹೊರಟುಹೋದರು. ಸ್ಮೇರ ಆ ಹೆಸರನ್ನು ಅಳಿಸಿದಳು. ಮುನ್ನೂರ ಹನ್ನೆರಡು ದೃಶ್ಯಗಳನ್ನೂ ಒಂದೊಂದಾಗಿ ತೆರೆದು ನೋಡಿದಳು. ಆ ಹೆಣ್ಣು ಎಲ್ಲೂ ಇರಲಿಲ್ಲ. ಬಲೂನುಗಳ ಹಿಂದೆ ಬರೀ ಗೋಡೆಯಿತ್ತು. ಅವಳು ಕಾಯುವುದು ಮುಗಿದಿತ್ತು.

ವಿಲಾಸಿನಿಯಮ್ಮ ಈಗ ಮೊಣಕಾಲನ್ನು ಎದೆಗವಚಿಕೊಂಡು ಮಲಗಿರುತ್ತಾರೆ. ಯಾರೂ ಇಲ್ಲದ ಕಡೆಗೆ ನೋಡಿ ನಗುತ್ತಾರೆ. ಸಂಜೆಯಾಗುತ್ತಲೇ ಕೊಳದ ಕಡೆ ಕೈಚಾಚಿ ರಚ್ಚೆ ಹಿಡಿಯುತ್ತಾರೆ. ಅಮ್ಮಾ ಎಂದು ಉಣ್ಣಿ ಎಷ್ಟು ಕರೆದರೂ ತಿರುಗುವುದಿಲ್ಲ. ಅದು ತಮ್ಮನ್ನು ಕರೆದದ್ದೆಂದು ಅವರಿಗೆ ಗೊತ್ತಾಗುವುದಿಲ್ಲ. ಮೂರು ದಿನ ಹನಿ ನೀರೂ ಇಳಿಯದೆ ತುಟಿ ಒಡೆದಾಗ, ಸ್ಮೇರ ಅಳುತ್ತಾ ಆ ಹೆಸರನ್ನು ಗಂಡನ ಕಿವಿಯಲ್ಲಿ ಹೇಳಿದಳು.

ಅಂದಿನಿಂದ ಉಣ್ಣಿ ಗಂಜಿಯ ಬಟ್ಟಲು ಹಿಡಿದು ಅವರ ಬಳಿ ಕೂರುತ್ತಾನೆ. ಅಪ್ಪ ತನಗಿಟ್ಟ ಹೆಸರಿನಿಂದ ತಾಯಿಯನ್ನು ಕರೆಯುತ್ತಾನೆ.

"ಓ," ಎನ್ನುತ್ತಾರೆ ಅವರು. ಬಾಯಿ ತೆರೆಯುತ್ತಾರೆ.